ನಿದ್ದೆ ಪಟ್ಟಿನ ಗುರುಗಳು

ಹಾಸಿಗೆ ಅಂಗಡಿಯಲ್ಲಿ ಕೆಲಸಕ್ಕಿರುವವನಿಗೆ ಹಾಸಿಗೆಯ ಮೇಲೆ ಮಲಗುವುದೊಂದನ್ನು ಬಿಟ್ಟು ಉಳಿದೆಲ್ಲ ಅಧಿಕಾರವೂ ಇರುತ್ತದೆ. ತಟ್ಟಬಹುದು, ಒತ್ತಬಹುದು, ಬೇಕಾದರೆ ಮೊಣಕೈ ಊರಿ ಸ್ಪ್ರಿಂಗಿನ ಗುಣಗಾನ ಮಾಡಬಹುದು. ಮಲಗುವುದು ಮಾತ್ರ ಗಿರಾಕಿಗಳ ಹಕ್ಕು. ಕಣ್ಣು ಹಾಯಿಸಿದಲ್ಲೆಲ್ಲ ಮೆತ್ತೆ, ಮುಟ್ಟಿದಲ್ಲೆಲ್ಲ ದಿಂಬು. ಅವುಗಳ ನಡುವೆ ಬೆಳಗಿನಿಂದ ಸಂಜೆಯವರೆಗೆ ನೆಟ್ಟಗೆ ನಿಂತಿರಬೇಕಾದ ಮನುಷ್ಯನ ಪಾಡನ್ನು ನೀವೇ ಊಹಿಸಿಕೊಳ್ಳಿ. ನಮ್ಮ ಕಥಾನಾಯಕ ಈ ಸಂಕಟಕ್ಕೆ ತನ್ನದೇ ಒಂದು ದಾರಿ ಹುಡುಕಿಕೊಂಡಿದ್ದ. ಕಂಬದ ಹಾಗೆ ನಿಂತು, ಕಣ್ಣನ್ನು ಅರ್ಧ ತೆರೆದು, ವ್ಯಾಪಾರದ ಮುಗುಳ್ನಗೆಯನ್ನು ಮುಖದ ಮೇಲೆ ಹಾಗೇ ಬಿಟ್ಟು, ಒಳಗಿಂದೊಳಗೇ ನಿದ್ದೆ ಹೋಗುವುದನ್ನು ಸಾಧಿಸಿದ್ದ. ಭಯವಾದರಂತೂ ಈ ನಿದ್ದೆ ಇನ್ನೂ ಬೇಗ ಬರುತ್ತಿತ್ತು. ಮಾಲೀಕರಿಗೆ ಮಾತ್ರ ಇದು ಗೊತ್ತಿರಲಿಲ್ಲ. ಆತ ವಾಸವಾಗಿದ್ದ ಕಟ್ಟಡಕ್ಕೆಲ್ಲ ಗೊತ್ತಿತ್ತು. ಹಾಗಾಗಿ ಹೆತ್ತವರು ಇಟ್ಟ ಹೆಸರು ಮೂಲೆ ಸೇರಿ, ಎಲ್ಲರ ಬಾಯಲ್ಲೂ ಆತ ಜೋಂಪಣ್ಣನಾಗಿದ್ದ.

ಅಂಗಡಿಯ ನಡುವೆ ಒಂದು ದೊಡ್ಡ ಮಂಚ, ಅದರೆದುರು ಗೋಡೆಗೆ ಒಂದು ಟಿವಿ. ಗಿರಾಕಿ ಮಲಗಿದ ಕೂಡಲೇ ಎದ್ದುಬಿಟ್ಟರೆ ವ್ಯಾಪಾರ ಕುದುರುವುದಿಲ್ಲ. ಏನನ್ನಾದರೂ ನೋಡುತ್ತ ಮೈಮರೆತರೆ ಬೆನ್ನು ತಾನೇ ಹಾಸಿಗೆಯನ್ನು ಕೊಂಡುಬಿಡುತ್ತದೆ ಎಂಬುದು ಮಾಲೀಕರ ಸಿದ್ಧಾಂತ. ಅದಕ್ಕೆಂದು ಅವರು ಆರಿಸಿಕೊಂಡದ್ದು ಕುಂಗ್‌ಫೂ ಹಾಸ್ಯದ ಸಿನಿಮಾಗಳನ್ನು. ಮಲಗಿದವರಿಗೆ ಕಿರಿಕಿರಿಯಾಗದಿರಲೆಂದು ಸದ್ದನ್ನು ಪೂರ್ತಿ ಇಳಿಸಿರುತ್ತಿದ್ದರು. ಹೀಗಾಗಿ ಜೋಂಪಣ್ಣ ಅವನ್ನೆಲ್ಲ ಮೌನದಲ್ಲಿ, ಅರೆಗಣ್ಣಿನಲ್ಲಿ, ಗಾಳಿಯಲ್ಲಿ ತೇಲುವ ಹತ್ತಿಯ ಎಳೆಗಳ ಮರೆಯಿಂದ ನೋಡಿದ್ದ. ಏಣಿ ಹೊತ್ತ ಬಡಪಾಯಿಯೊಬ್ಬ ಹಿಂದಕ್ಕೆ ತಿರುಗುತ್ತಾನೆ, ಏಣಿಯ ತುದಿ ತಾಗಿ ಮೂವರು ರೌಡಿಗಳು ಮಗುಚಿ ಬೀಳುತ್ತಾರೆ. ಏನಾಯಿತೆಂದು ಆತ ಈ ಕಡೆ ತಿರುಗುತ್ತಾನೆ, ಉಳಿದವರೂ ಬೀಳುತ್ತಾರೆ. ಆತನಿಗೆ ಮಾತ್ರ ಕೊನೆಯವರೆಗೂ ತಾನು ಗೆದ್ದದ್ದು ಗೊತ್ತಾಗುವುದಿಲ್ಲ. ಬಿದ್ದವರಾದರೂ ಎಷ್ಟು ಚೆನ್ನಾಗಿ ಬೀಳುತ್ತಿದ್ದರು ಅಂತೀರಿ, ಮರದಿಂದ ಎಲೆ ಉದುರಿದ ಹಾಗೆ. ಇದರಲ್ಲಿ ಕಣ್ಣು ಕಂಡದ್ದೆಷ್ಟು, ಕನಸು ಸೇರಿಸಿದ್ದೆಷ್ಟು ಎಂದು ಕೇಳಿದರೆ ಆತ ಬೆಬ್ಬೆಬ್ಬೆ ಎನ್ನುತ್ತಿದ್ದ.

ಈ ಸಿನಿಮಾಗಳಿಂದ ಆತನ ಭಾನುವಾರಗಳು ಉದ್ಧಾರವಾದವು. ಆ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಭಾನುವಾರ ಮಧ್ಯಾಹ್ನ ಕಟ್ಟಡದ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕದ ಖಾಲಿ ಕೋಣೆಯಲ್ಲಿ ಒಂದು ಆಟ ನಡೆಯುತ್ತಿತ್ತು. ಜೋಂಪಣ್ಣ ಕಥೆ ಹೇಳುತ್ತಿದ್ದ. ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ ಇಳಿಯುತ್ತಿದ್ದರು. "ಎದುರಿಗೆ ಒಂದು ಬಾಗಿಲಿದೆ, ಏನು ಮಾಡ್ತೀರಿ?" ಎಂದು ಆತ ಕೇಳಬೇಕು, "ಒದೀತೀನಿ" ಎಂದೋ "ತಟ್ಟಿ ನೋಡ್ತೀನಿ" ಎಂದೋ ಅವರು ಹೇಳಬೇಕು. ಬಾಗಿಲು ತೆರೆಯಿತೋ ಕಾಲು ಮುರಿಯಿತೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತಿತ್ತು. ದೊಡ್ಡ ಅಂಕೆ ಬಿದ್ದರೆ ಗೆಲುವು, ಚಿಕ್ಕದು ಬಿದ್ದರೆ ಫಜೀತಿ, ಒಂದು ಬಿದ್ದರೆ ಸರ್ವನಾಶ. ಕಥೆ ವಾರದಿಂದ ವಾರಕ್ಕೆ ಬೆಳೆಯುತ್ತ ಹೋಗುತ್ತಿತ್ತು.

ಆಟಕ್ಕೆ ಬರುತ್ತಿದ್ದವರು ಮೂವರು. ಬಸ್ಸಿನ ಕಂಡಕ್ಟರೊಬ್ಬ, ಹಲ್ಲಿನ ಡಾಕ್ಟರಮ್ಮ ಒಬ್ಬರು, ಮತ್ತು ಜೋಂಪಣ್ಣನ ಅತ್ತೆ, ಅಂದರೆ ಹೆಂಡತಿಯ ತಾಯಿ. ಅತ್ತೆ ಒಮ್ಮೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಮಗಳ ಮನೆಗೆ ಬಂದಿದ್ದರು. ಮೂಳೆ ಕೂಡಿತ್ತು, ಮಾತು ಕೂಡಿರಲಿಲ್ಲ. ಕೋಲು ಹಿಡಿದು ಕಿಟಕಿಯ ಬಳಿ ಕುಳಿತರೆ ಸಂಜೆಯವರೆಗೂ "ಹೂಂ", "ಉಹೂಂ" ಅಷ್ಟೇ. ಮೊದಲು ಜೋಂಪಣ್ಣ ರಾಜರು, ರಾಕ್ಷಸರು, ಶಾಪಗ್ರಸ್ತ ಕೋಟೆಗಳು ಇರುವ ಭಾರೀ ಗಂಭೀರ ಕಥೆ ಹೇಳುತ್ತಿದ್ದಾಗ ಅವರು ಕೋಣೆಯಲ್ಲೂ ಹಾಗೇ ಕುಳಿತಿರುತ್ತಿದ್ದರು. ಕಂಡಕ್ಟರ್ ಆಕಳಿಸುತ್ತಿದ್ದ. ಡಾಕ್ಟರಮ್ಮ ಆಕಳಿಸಿದವನ ಬಾಯೊಳಗೆ ಇಣುಕಿ, "ಕೆಳಗಿನ ದವಡೆ ಹಲ್ಲು ತೋರಿಸ್ಕೋಬೇಕು ನೀವು" ಎನ್ನುತ್ತಿದ್ದರು.

ಆಮೇಲೆ ಜೋಂಪಣ್ಣ ರಾಜರನ್ನು ರಾಕ್ಷಸರ ಸಮೇತ ಮನೆಗೆ ಕಳಿಸಿ, ಅಂಗಡಿಯ ಟಿವಿಯಿಂದ ಹೊಸ ಕಥೆ ತಂದ. ಮೋಡಗಳ ನಡುವೆ ಒಂದು ಬೆಟ್ಟ. ಬೆಟ್ಟದ ತುದಿಯಲ್ಲಿ ಒಂದು ಗರಡಿ. ಅಲ್ಲಿ ಏಣಿ, ಸ್ಟೂಲು, ಕೊಡೆ, ಪೊರಕೆ ಬಿಟ್ಟರೆ ಬೇರೆ ಆಯುಧವಿಲ್ಲ. ಗರಡಿಯ ಮುದುಕ ಗುರು ನಿದ್ದೆ ಪಟ್ಟಿನಲ್ಲಿ ಪಳಗಿದವನು. ಎಚ್ಚರವಿದ್ದಾಗ ಇರುವೆಗೂ ಹೆದರುತ್ತಾನೆ, ನಿದ್ದೆ ಬಂದರೆ ಸೈನ್ಯವನ್ನೇ ಸೋಲಿಸುತ್ತಾನೆ.

"ನಾನು ಯಾರು?" ಎಂದು ಅಂದು ಅತ್ತೆ ಕೇಳಿದರು. ಬಹಳ ತಿಂಗಳಿಗೆ ಅವರ ಬಾಯಿಂದ ಬಂದ ಮೊದಲ ಪ್ರಶ್ನೆ ಅದು.

"ಯಾರಾಗ್ಬೇಕು ಅಂತ ಇದೆ, ಅತ್ತೆ?"

ಅತ್ತೆ ಯೋಚಿಸಿ, "ಸೌಟಲ್ಲಿ ಹೊಡೆಯೋಳು" ಎಂದರು. "ಮಾಳಿಗೆಯಿಂದ ಮಾಳಿಗೆಗೆ ಹಾರ್ಬೇಕು. ಕೋಲು ಗೀಲು ಇರಬಾರದು."

ಅಂದಿನಿಂದ ಅತ್ತೆ ಹಾರುತ್ತಲೇ ಇದ್ದರು. ಕಂಡಕ್ಟರ್ ಎಂಥ ನೂಕುನುಗ್ಗಲಿನಲ್ಲೂ ಯಾರಿಗೂ ತಾಗದೆ ತೂರಿಹೋಗುವ ವೀರನಾದ. ಬಾಯಿ ತೆರೆದು ಮಲಗಿ ಉತ್ತರ ಕೊಡಲಾಗದವರೊಂದಿಗೆ ದಿನವಿಡೀ ಮಾತಾಡಿ ಸಾಕಾಗಿದ್ದ ಡಾಕ್ಟರಮ್ಮ, ಎಲ್ಲರಿಂದಲೂ ಉತ್ತರ ಹೊರಡಿಸುವ ಡಕಾಯಿತರ ನಾಯಕಿಯಾದರು. ಮನೆಯಲ್ಲಿ ಅತ್ತೆ ಸಾರಿನ ಉಪ್ಪಿನ ಬಗ್ಗೆ ಮಗಳ ಜೊತೆ ಜಗಳಕ್ಕಿಳಿದರು. ಹೆಂಡತಿ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಂಡು, "ಏನ್ರೀ, ಅಮ್ಮ ನನ್ನ ಬೈದಳು ಕಣ್ರೀ" ಎಂದಳು, ಬಹುಮಾನ ಬಂದವರ ಹಾಗೆ.

ಈಗ ಆ ತಾರಸಿ ಕೋಣೆಯ ಕೆಳಗಡೆ ಯಾರಿದ್ದರು ಎಂಬುದನ್ನು ಹೇಳಬೇಕು. ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಗಳಿದ್ದರು. ಟ್ಯಾಂಕಿನ ಪಕ್ಕದ ಗಾಳಿಕೊಳವೆ ನೇರ ಅವರ ಮಲಗುವ ಕೋಣೆಗೆ ಇಳಿಯುತ್ತಿತ್ತು. ಭಾನುವಾರ ಮಧ್ಯಾಹ್ನ ಒಂದು ನಿದ್ದೆ ತೆಗೆಯೋಣವೆಂದು ಕಾರ್ಯದರ್ಶಿಗಳು ಅಡ್ಡಾದರೆ, ತಲೆಯ ಮೇಲೆ, ಬಹಳ ದೂರದಿಂದಲೋ ಎಂಬಂತೆ, ಈ ಮಾತುಗಳು ಇಳಿದುಬಂದವು.

"ಇಬ್ಬರು ನಿಮ್ಮ ಹಿಂದಿದ್ದಾರೆ ಅತ್ತೆ. ಏನು ಮಾಡ್ತೀರಿ?"

"ಒಬ್ಬನ ಮಂಡಿಗೆ ಸೌಟಲ್ಲಿ ಕೊಡ್ತೀನಿ. ಇನ್ನೊಬ್ಬನ ಕಾಲರ್ ಹಿಡಿದು ಮೆಟ್ಟಿಲ ಮೇಲಿಂದ ಉರುಳಿಸ್ತೀನಿ."

"ಬಿದ್ದ. ಇಬ್ಬರೂ ಬಿದ್ದರು. ಭೇಷ್."

"ನಾನು ಇವನ ಹಲ್ಲು ಕಿತ್ತು ಕೈಗೆ ಕೊಡ್ಲಾ, ಅಥವಾ ಬಾಯಿ ಬಿಡ್ತಾನಾ ಕೇಳಿ ನೋಡ್ಲಾ?" ಇದು ಡಾಕ್ಟರಮ್ಮನ ದನಿ.

ಅಷ್ಟರಲ್ಲಿ ಕಂಡಕ್ಟರ್ ಕಥೆಯ ಭರದಲ್ಲಿ ಸ್ಟೂಲಿನಿಂದ ನಿಜವಾಗಿಯೇ ಬಿದ್ದ. ಕಾರ್ಯದರ್ಶಿಗಳ ಚಾವಣಿಯಿಂದ ಸುಣ್ಣದ ಪುಡಿ ಉದುರಿ ಅವರ ಹಣೆಯ ಮೇಲೆ ಕುಳಿತಿತು. ಅವರು ಅದನ್ನು ಒರೆಸಿಕೊಳ್ಳಲೂ ಇಲ್ಲ. ಸೊಂಟ ಮುರಿದ ಮುದುಕಿಗೇ ಇಷ್ಟು ಕಲಿಸಿದವನು ತಾನೆಷ್ಟು ಕಲಿತಿರಬೇಕು ಎಂದು ಯೋಚಿಸುತ್ತ ಮಲಗಿದ್ದರು.

ಮಾರನೆಯ ದಿನ ದಿಂಬು ನೋಡುವ ನೆಪದಲ್ಲಿ ಅಂಗಡಿಗೆ ಬಂದರು. ಜೋಂಪಣ್ಣ ದೊಡ್ಡ ಮಂಚದ ಪಕ್ಕ ಕಂಬವಾಗಿ ನಿಂತಿದ್ದ. ಕಣ್ಣು ಅರ್ಧ ತೆರೆದಿತ್ತು. ಇಷ್ಟು ದಿನ ಜೋಂಪಿನಂತೆ ಕಂಡದ್ದು ಈಗ ನೋಡಿದರೆ ಧ್ಯಾನದಂತೆ ಕಂಡಿತು. ಕಾರ್ಯದರ್ಶಿಗಳು ಹತ್ತಿರ ಬಂದು ದನಿ ತಗ್ಗಿಸಿದರು.

"ಮೇಲ್ಗಡೆ ನೀವು ಕಲಿಸ್ತಿರೋದು ಆ ವಿದ್ಯೆ ತಾನೆ?"

ಜೋಂಪಣ್ಣನ ತಲೆ ಮೆಲ್ಲಗೆ ಎದೆಯತ್ತ ವಾಲಿತು.

"ಹಳೇ ಗುರುಗಳ ಹತ್ರಾನೇ ಕಲಿತಿದ್ದಾ?"

ತಲೆ ಎದ್ದಿತು, ಇನ್ನೂ ಆಳಕ್ಕೆ ವಾಲಿತು. ತೂಕಡಿಸುವವನ ತಲೆಗೂ ಒಪ್ಪಿಗೆ ಕೊಡುವವನ ತಲೆಗೂ ವ್ಯತ್ಯಾಸ ಕಂಡುಹಿಡಿಯಲು ಸಂಘದ ಕಾರ್ಯದರ್ಶಿಗಳಿಗೆ ಸಾಧ್ಯವಿಲ್ಲ. ಅವರು ಎಲ್ಲ ಸಭೆಗಳಲ್ಲೂ ನೋಡಿದ್ದು ಅಂಥ ತಲೆಗಳನ್ನೇ.

"ಬಿದ್ದವರಿಗೆ ಪೆಟ್ಟಾಗುತ್ತಾ?"

ಗಿರಾಕಿಯೊಬ್ಬ ಏನೋ ಕೇಳುತ್ತಿದ್ದಾನೆ ಎಂಬುದು ಈಗ ಜೋಂಪಣ್ಣನ ನಿದ್ದೆಗೆ ತಿಳಿಯಿತು. ಬಾಯಿ ಎಲ್ಲಕ್ಕಿಂತ ಮೊದಲು ಎಚ್ಚರವಾಯಿತು.

"ಬಿದ್ದಿದ್ದೇ ಗೊತ್ತಾಗಲ್ಲ ಸಾರ್. ಲೋಕಾನೇ ಮರೆತುಹೋಗುತ್ತೆ."

"ಆಮೇಲೆ ಏಳ್ತಾರಾ?"

"ಏಳೋಕೆ ಮನಸ್ಸೇ ಬರಲ್ಲ."

"ಬೆನ್ನುಮೂಳೆ?"

"ಅದೇ ನಮ್ಮ ಸ್ಪೆಷಲ್. ಎಂಥ ಬೆನ್ನಾದರೂ ನಾವು ಹೇಳಿದ ಹಾಗೆ ಕೇಳುತ್ತೆ."

ಕಾರ್ಯದರ್ಶಿಗಳು ಒಂದು ಹೆಜ್ಜೆ ಹಿಂದೆ ಸರಿದರು. "ಸ್ವಲ್ಪ ಭಾರೀ ಆಳಾದರೆ? ಉದಾಹರಣೆಗೆ ನಮ್ಮ ಎರಡನೇ ಮಹಡಿ ಕಂಟ್ರಾಕ್ಟರು?"

"ಅವರನ್ನೂ ಮಲಗಿಸ್ತೀವಿ. ಇಬ್ಬರು ಒಟ್ಟಿಗೆ ಬಂದರೂ ಯೋಚನೆ ಇಲ್ಲ."

ಕಾರ್ಯದರ್ಶಿಗಳು ಬೇಡದ ದಿಂಬೊಂದನ್ನು ಕೊಂಡು, ಅದನ್ನು ಎದೆಗೆ ಗುರಾಣಿಯಂತೆ ಹಿಡಿದು ಮನೆಗೆ ಹೋದರು.

ಆಮೇಲೆ ಕಟ್ಟಡದ ಗಾಳಿಯೇ ಬದಲಾಯಿತು. ಬೆಳಗ್ಗೆ ಜೋಂಪಣ್ಣ ಲಿಫ್ಟಿನೊಳಗೆ ಕಾಲಿಟ್ಟರೆ ಒಳಗಿದ್ದವರು ಗೋಡೆಗೆ ಅಂಟಿಕೊಂಡು ಜಾಗ ಬಿಟ್ಟರು. ವಾಚ್‌ಮನ್ ಎದ್ದು ನಿಂತು ಸಲಾಮು ಹೊಡೆದ. ಅದುವರೆಗೆ ಆತ ಎದ್ದು ನಿಂತದ್ದನ್ನು ಕಂಡವರೇ ಇರಲಿಲ್ಲ. ದಾರಿಗಡ್ಡವಾಗಿ ಕಾರು ನಿಲ್ಲಿಸಿ "ಏನೀಗ?" ಎನ್ನುತ್ತಿದ್ದ ಎರಡನೇ ಮಹಡಿಯ ಕಂಟ್ರಾಕ್ಟರು ಜೋಂಪಣ್ಣನನ್ನು ಕಂಡು ತಾನಾಗಿಯೇ ಕಾರು ತೆಗೆದು, "ತಪ್ಪು ತಿಳ್ಕೋಬೇಡಿ ಗುರುಗಳೇ, ನಂದು ಸ್ವಲ್ಪ ಸಕ್ಕರೆ ಕಾಯಿಲೆ ಮೈ" ಎಂದರು. ಗುರುಗಳೇ ಎಂಬ ಆ ಮಾತು ಜೋಂಪಣ್ಣನ ಕಿವಿಯೊಳಗೆ ಹೊಸ ಹಾಸಿಗೆಯ ಹಾಗೆ ಹಾಸಿಕೊಂಡಿತು. ಆತ ಇಲ್ಲ ಎನ್ನಬೇಕಿತ್ತು. ಈ ಸಲ ಪೂರ್ತಿ ಎಚ್ಚರವಿದ್ದೂ ತಲೆಯಾಡಿಸಿಬಿಟ್ಟ. ಹುಟ್ಟಿದಾಗಿನಿಂದ ಯಾರೂ ತನಗೆ ಹೆದರದ ಮನುಷ್ಯನ ಮೇಲೆ ನಾವು ತೀರ ಕಠೋರರಾಗಬಾರದು.

ಹೆಂಡತಿ ಮಾತ್ರ ಆದಳು.

"ಏನ್ರೀ, ಎದುರು ಮನೆಯಾಕೆ ನನ್ನನ್ನ ಪಕ್ಕಕ್ಕೆ ಕರ್ಕೊಂಡು ಹೋಗಿ ಕೇಳ್ತಾಳೆ, ಮನೇಲಿ ನಿಮ್ಮ ಯಜಮಾನರು ಕೈ ಗೀ ಮಾಡ್ತಾರಾ ಅಂತ."

"ನೀನೇನಂದೆ?"

"ಮೊನ್ನೆ ಜಿರಲೆ ಬಂದಾಗ ಮಂಚದ ಮೇಲೆ ಹತ್ತಿ ನಿಂತಿದ್ದರು ಅಂದೆ. ಅದಕ್ಕೆ ಅವಳು, ಹೌದು, ಅವರ ವಿದ್ಯೆಯಲ್ಲಿ ಜೀವಹಿಂಸೆ ಮಾಡೋ ಹಾಗಿಲ್ವಂತೆ ಅಂದಳು. ಯಾವ ವಿದ್ಯೆ ರೀ?"

ಜೋಂಪಣ್ಣ ವಿಷಯ ಹೇಳಿದ. ಆಕೆ ಕೇಳಿ, ಹಣೆ ಒತ್ತಿಕೊಂಡು, "ನಾಳೆ ಬೆಳಗ್ಗೆ ಹೋಗಿ ಎಲ್ಲರಿಗೂ ಇಲ್ಲ ಅಂದುಬಿಡಿ" ಎಂದಳು. ಆತ ಬೆಳಗ್ಗೆ ಹೋದ. ಲಿಫ್ಟಿನಲ್ಲಿ ಮತ್ತೆ ಜಾಗ ಬಿಟ್ಟರು. ಕೆಳಗೆ ಇಳಿಯುವಷ್ಟರಲ್ಲಿ ಇಲ್ಲ ಎನ್ನುವುದು ಸಾಯಂಕಾಲಕ್ಕೆ ಮುಂದೂಡಲ್ಪಟ್ಟಿತ್ತು.

ಸಾಯಂಕಾಲಕ್ಕೆ ಕರಾಟೆ ಮೇಷ್ಟ್ರು ಬಂದರು.

ಮೇಷ್ಟ್ರು ಪಕ್ಕದ ಬೀದಿಯ ಒಂದು ಹಾಲಿನಲ್ಲಿ ಪಾಠ ಹೇಳುತ್ತಿದ್ದವರು. ಆ ಹಾಲು ಯಾರದೋ ಗೋದಾಮಾಯಿತು; ಭಾನುವಾರ ಮಧ್ಯಾಹ್ನದ ಪಾಠಕ್ಕೆ ಜಾಗವಿಲ್ಲದೆ ನಮ್ಮ ತಾರಸಿ ಕೋಣೆಯನ್ನು ಕೇಳಿಕೊಂಡು ಬಂದಿದ್ದರು. ನಿಜವಾದ ಮೇಷ್ಟ್ರು. ಬಿಳಿ ಅಂಗಿಯ ಇಸ್ತ್ರಿ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು. ಅವರು ನಕ್ಕದ್ದನ್ನು ಅವರ ಶಿಷ್ಯರು ಕಂಡಿರಲಿಲ್ಲ, ಅವರ ತಾಯಿಯೂ ಕಂಡಿರಲಿಲ್ಲ ಎಂದು ಹೇಳುವವರಿದ್ದರು.

ಸಂಘದ ಸಭೆ ಕೆಳಗಿನ ಪಾರ್ಕಿಂಗಿನಲ್ಲಿ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಸೇರಿತು.

"ಆ ಕೋಣೆಯಲ್ಲಿ ಈಗಾಗಲೇ ಒಬ್ಬರು ಗುರುಗಳಿದ್ದಾರೆ," ಎಂದರು ಕಾರ್ಯದರ್ಶಿಗಳು, ಜೋಂಪಣ್ಣನತ್ತ ಅರ್ಧ ಬಾಗಿ.

ಮೇಷ್ಟ್ರು ಜೋಂಪಣ್ಣನನ್ನು ಮೇಲಿಂದ ಕೆಳಗೆ ನೋಡಿದರು. ಹೆಗಲ ಮೇಲೆ ಹತ್ತಿಯ ಎಳೆಯೊಂದಿತ್ತು. "ಯಾವ ಪದ್ಧತಿ ತಮ್ಮದು?"

ಜೋಂಪಣ್ಣನಿಗೆ ಇನ್ನು ತಡಮಾಡಬಾರದು ಎನಿಸಿತು. "ಪದ್ಧತಿ ಪಾಡು ಏನೂ ಇಲ್ಲ ಸಾರ್. ಅದೊಂದು ಆಟ. ನಾವು ಸುಮ್ನೆ ಕೂತ್ಕೊಂಡು ಕಥೆ ಹೇಳ್ತೀವಿ. ನನಗೆ ಏನೂ ಬರಲ್ಲ."

ಸಭೆಯಲ್ಲಿ ಮೆಚ್ಚುಗೆಯ ಗುಸುಗುಸು ಹರಿಯಿತು.

"ನೋಡಿದ್ರಾ," ಎಂದರು ಕಂಟ್ರಾಕ್ಟರು. "ಎಂಥ ವಿನಯ."

"ದೊಡ್ಡೋರೆಲ್ಲ ಹಾಗೇ ಅನ್ನೋದು," ಎಂದಳು ಎದುರು ಮನೆಯಾಕೆ. "ನನಗೂ ಹೋದ ವಾರ ಹಾಗೇ ಅಂದಿದ್ದರು." ಅಂದಿರಲಿಲ್ಲ.

ಮೇಷ್ಟ್ರ ಮುಖ ಸ್ವಲ್ಪ ಬಿಳುಪಾಯಿತು. ತನಗೆ ಏನೂ ಬರುವುದಿಲ್ಲ ಎಂದು ಹೇಳಿಕೊಂಡವನೊಬ್ಬನ ಕೈಯಲ್ಲೇ ಅವರ ಗುರುಗಳು ಒಮ್ಮೆ ಸೋತಿದ್ದರಂತೆ.

"ನಿಜವಾಗ್ಲೂ ಬರೀ ಕಥೆ ಸಾರ್," ಎಂದು ಜೋಂಪಣ್ಣ ಅಂಗಲಾಚಿದ.

ಕಾರ್ಯದರ್ಶಿಗಳು ಗಂಭೀರವಾದರು. "ಗುರುಗಳೇ, ತಮಾಷೆಗೂ ಹಾಗನ್ನಬೇಡಿ. ಆ ಕೋಣೆ ವ್ಯಾಯಾಮಕ್ಕೆ ಮಾತ್ರ ಅಂತ ಸಂಘದ ನಿಯಮ. ಬರೀ ಕಥೆ ಅಂತಾದರೆ ಈ ಕ್ಷಣಕ್ಕೇ ಮೇಷ್ಟ್ರಿಗೆ ಬೀಗದ ಕೈ ಕೊಡಬೇಕಾಗುತ್ತೆ. ಕಥೆಯೋ, ವಿದ್ಯೆಯೋ?"

ಜೋಂಪಣ್ಣ ಬಾಯಿ ತೆರೆದ. ಹಿಂದಿನ ಕುರ್ಚಿಯಲ್ಲಿ ಕೋಲಿನ ಮೇಲೆ ಗಲ್ಲವಿಟ್ಟು ಕುಳಿತ ಅತ್ತೆ ಕಾಣಿಸಿದರು. ಮನೆಯಲ್ಲಿ ಆಡಲು ಇದ್ದ ಒಂದೇ ಹಾಲಿನಲ್ಲಿ ಭಾನುವಾರ ಹೆಂಡತಿಯ ಲೆಕ್ಕದ ಟ್ಯೂಷನ್. ಕಂಡಕ್ಟರನ ಮನೆಯಲ್ಲಿ ಕೂರಲು ಜಾಗವಿಲ್ಲ. ಡಾಕ್ಟರಮ್ಮನ ಕ್ಲಿನಿಕ್ಕಿನ ವಾಸನೆಗೆ ಯಾವ ಬೆಟ್ಟದ ಮೋಡವೂ ನಿಲ್ಲುವುದಿಲ್ಲ. ಆ ಕೋಣೆ ಹೋದರೆ ಅತ್ತೆ ಮತ್ತೆ ಕಿಟಕಿಗೆ ಹೋಗುತ್ತಾರೆ.

ಆತ ಬಾಯಿ ಮುಚ್ಚಿದ. ತಲೆ ಸ್ವಲ್ಪ ಬಾಗಿತು.

"ವಿದ್ಯೆ," ಎಂದು ಸಭೆ ಬರೆದುಕೊಂಡಿತು. ಬರುವ ಭಾನುವಾರ ಇಬ್ಬರು ಗುರುಗಳೂ ತಾರಸಿಯಲ್ಲಿ ಎದುರುಬದುರು ನಿಲ್ಲುವುದು, ಗೆದ್ದವರಿಗೆ ಕೋಣೆ ಎಂದು ತೀರ್ಮಾನವಾಯಿತು. ಬಿದ್ದವರ ಕ್ಷೇಮಕ್ಕಾಗಿ ಹಾಸಿಗೆ ಅಂಗಡಿಯ ಮಾಲೀಕರು ಎರಡು ಡಬಲ್ ಹಾಸಿಗೆ ಕಳಿಸಲು ಒಪ್ಪಿದರು. ಅಂಗಡಿಯ ಬೋರ್ಡು ಕಾಣುವ ಹಾಗೆ ಕಟ್ಟಬೇಕೆಂಬುದೊಂದೇ ಅವರ ಷರತ್ತು.

"ಸತ್ತುಗಿತ್ತು ಹೋದೀರಿ ರೀ," ಎಂದಳು ಹೆಂಡತಿ ಮನೆಯಲ್ಲಿ.

"ಹಾಸಿಗೆ ಒಳ್ಳೇದೇ ಕಳಿಸ್ತಿದ್ದಾರೆ," ಎಂದ ಜೋಂಪಣ್ಣ, ಕ್ಷೀಣವಾಗಿ.

ಅತ್ತೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು: "ಅಳಿಯಂದಿರೇ, ಗೆಲ್ಲಿ ಅಂತ ನಾನು ಹೇಳಲ್ಲ. ನಿಮ್ಮ ಮೈ ನೋಡಿದರೆ ಹಾಗೆ ಹೇಳೋದು ಪಾಪ. ಆದರೆ ಓಡಿಹೋಗಬೇಡಿ. ನಮ್ಮ ಗರಡಿಯಲ್ಲಿ ಯಾರೂ ಓಡಿಹೋಗಲ್ಲ, ಬಿದ್ದುಹೋಗ್ತಾರೆ ಅಷ್ಟೇ."

ಭಾನುವಾರದ ಮಧ್ಯಾಹ್ನ ತುಂಬ ಮೃದುವಾಗಿತ್ತು. ತೆಳು ಮೋಡ ಬಿಸಿಲಿಗೆ ಹೊದಿಕೆ ಹೊದಿಸಿತ್ತು. ತಂತಿಯ ಮೇಲೆ ಒಗೆದ ಬಟ್ಟೆಗಳು ಯಾರೋ ಉಸಿರಾಡುತ್ತಿರುವ ಹಾಗೆ ಉಬ್ಬುತ್ತ ಇಳಿಯುತ್ತ ಇದ್ದವು. ಟ್ಯಾಂಕಿನಿಂದ ನೀರು ತೊಟ್ಟಿಕ್ಕುತ್ತಿತ್ತು. ತಾರಸಿಯ ನಡುವೆ ಎರಡು ಬಿಳಿ ಹಾಸಿಗೆ, ಸುತ್ತಲೂ ಕಟ್ಟಡದ ಸಮಸ್ತರು. ಮುಂದಿನ ಸಾಲಿನ ಕುರ್ಚಿಯಲ್ಲಿ ಅತ್ತೆ, ಅವರ ಎಡಬಲಕ್ಕೆ ಕಂಡಕ್ಟರ್ ಮತ್ತು ಡಾಕ್ಟರಮ್ಮ. ಡಾಕ್ಟರಮ್ಮ ತಮ್ಮ ಚೀಲವನ್ನೂ ತಂದಿದ್ದರು. "ಹಲ್ಲು ಉದುರಿದರೆ ಹಾಲಲ್ಲಿ ಹಾಕಿಡಿ, ನಾನು ಕೂರಿಸ್ತೀನಿ," ಎಂದು ಸುತ್ತಲಿನವರಿಗೆ ಧೈರ್ಯ ಹೇಳುತ್ತಿದ್ದರು.

ಮೇಷ್ಟ್ರು ಮೊದಲು ಹೆಂಚುಗಳನ್ನು ಒಡೆದು ತೋರಿಸಿದರು. ಚಪ್ಪಾಳೆ ಬಿತ್ತು. ಆಮೇಲೆ ಹಾಸಿಗೆಯ ಅಂಚಿಗೆ ಬಂದು ನಿಂತು ಬಾಗಿದರು. ಜೋಂಪಣ್ಣನೂ ಬಾಗಿದ. ಬಾಗಿದಾಗ ಒಡೆದ ಹೆಂಚಿನ ಚೂರುಗಳು ಕಣ್ಣಿಗೆ ಬಿದ್ದವು. ಅದರ ಬೆನ್ನಿಗೇ, ಭಯದೊಂದಿಗೆ ತಪ್ಪದೆ ಬರುವ ಆ ಹಳೆಯ ಜೋಂಪು ಬಂದಿತು. ಬಾಗಿದವನು ಎದ್ದ, ಎದ್ದವನು ನಿಂತಲ್ಲೇ ತೂಗತೊಡಗಿದ. ಕಣ್ಣು ಅರ್ಧ ಮುಚ್ಚಿತು. ಮುಖದ ಮೇಲೆ ವ್ಯಾಪಾರದ ಮುಗುಳ್ನಗೆ ಮೂಡಿತು.

"ಶುರುವಾಯ್ತು," ಎಂದು ಕಾರ್ಯದರ್ಶಿಗಳು ಪಿಸುಗುಟ್ಟಿದರು.

ಮೇಷ್ಟ್ರು ಎಡಕ್ಕೆ ಸುತ್ತು ಹಾಕಿದರು, ಬಲಕ್ಕೆ ಸುತ್ತು ಹಾಕಿದರು. ಎಲ್ಲಿ ಹೊಡೆಯಬೇಕೋ ಆ ಜಾಗ ತೂಗುತ್ತಲೇ ಇತ್ತು. ಎದುರಾಳಿ ಕೈ ಎತ್ತುವ ಮೊದಲು ತಾವು ಎತ್ತಬಾರದೆಂಬುದು ಅವರ ಶಿಸ್ತು. ಈತನೋ ಕಣ್ಣನ್ನೇ ಎತ್ತುತ್ತಿಲ್ಲ. ತಂತಿಯ ಬಟ್ಟೆಗಳು ಉಬ್ಬಿದವು, ಇಳಿದವು. ನೋಡುತ್ತಿದ್ದವರೂ ಒಬ್ಬೊಬ್ಬರಾಗಿ ಸಣ್ಣಗೆ ತೂಗಲಾರಂಭಿಸಿದರು.

ಆಗ ಜೋಂಪಣ್ಣ ಕಣ್ಣು ತೆರೆದ. ಎದುರಿಗೆ ಬಿಳಿ ಹಾಸು, ಅದರಾಚೆ ಬಿಳಿ ಅಂಗಿಯ ಮನುಷ್ಯ, ಸುತ್ತ ಸದ್ದಿಲ್ಲದೆ ಕುಳಿತ ಜನ. ಭಾನುವಾರ ಮಧ್ಯಾಹ್ನ. ಆತನ ಬಾಯಿಗೆ ರೂಢಿಯಾದದ್ದು ತಾನೇ ಬಂದಿತು.

"ಕೆಳಗೆಲ್ಲ ಮೋಡ. ಬೆಟ್ಟದಿಂದ ಬೆಟ್ಟಕ್ಕೆ ಒಂದು ಹಗ್ಗದ ಸೇತುವೆ. ಆ ತುದಿಯಲ್ಲಿ ನೀವಿದ್ದೀರಿ. ಈ ತುದಿಯಲ್ಲಿ ನಿದ್ದೆ ಪಟ್ಟಿನ ಮುದುಕ ಗುರು ನಿಂತುಕೊಂಡೇ ಗೊರಕೆ ಹೊಡೀತಿದ್ದಾನೆ. ಏನು ಮಾಡ್ತೀರಿ?"

"ಯಾರು, ನಾನಾ?" ಎಂದರು ಮೇಷ್ಟ್ರು.

"ಬೇರೆ ಯಾರಿದ್ದಾರೆ ಸೇತುವೆ ಮೇಲೆ?"

ಮೇಷ್ಟ್ರು ಹಿಂದೆ ತಿರುಗಿ ನೋಡಿದರು. ಯಾವ ಪ್ರಶ್ನೆಗೂ ಉತ್ತರ ಕೊಡದೆ ಬಿಟ್ಟವರಲ್ಲ ಅವರು. "ಎಡಗಾಲು ಮುಂದಿಟ್ಟು ಎದೆಗೆ ನೇರ ಪಂಚ್ ಕೊಡ್ತೀನಿ."

ಜೋಂಪಣ್ಣ ಜೇಬಿನಿಂದ ದಾಳ ತೆಗೆದು ಅವರ ಕೈಗೆ ಹಾಕಿದ. "ಉರುಳಿಸಿ."

ಅವರು ಉರುಳಿಸಿದರು. ನಾಲ್ಕು ಬಿತ್ತು.

"ಅಯ್ಯೋ ಪಾಪ," ಎಂದರು ಅತ್ತೆ.

"ಗುರು ನಿದ್ದೆಯಲ್ಲಿ ಮಗ್ಗುಲು ಬದಲಾಯಿಸಿದ. ನಿಮ್ಮ ಪಂಚ್ ಅವನ ಕಿವಿ ಪಕ್ಕ ಹೋಗಿ ಹಗ್ಗಕ್ಕೆ ತಾಗ್ತು. ಹಗ್ಗ ಜಗ್ಗಿ ಮೇಲಿಂದ ಒಂದು ಬಕೆಟ್ಟು ನಿಮ್ಮ ತಲೆ ಮೇಲೆ ಬಿತ್ತು."

"ಸೇತುವೆ ಮೇಲೆ ಬಕೆಟ್ಟು ಎಲ್ಲಿಂದ ಬಂತು?"

"ಮೇಲುಗಡೆ ಒಬ್ಬರು ಬಟ್ಟೆ ಒಣಗಿಸ್ತಿದ್ರು."

"ಮೋಡದಲ್ಲಾ?"

"ಎಲ್ಲಾ ಕಡೆ ಜನ ಇದ್ದೇ ಇರ್ತಾರಲ್ಲ ಸಾರ್, ಬಟ್ಟೆ ಕೊಳೆ ಆಗ್ತಾನೇ ಇರುತ್ತೆ. ಈಗ ಬಕೆಟ್ಟು ಮೂಗಿನವರೆಗೆ ಬಂದು ಕೂತಿದೆ. ಏನೂ ಕಾಣ್ತಿಲ್ಲ. ಏನು ಮಾಡ್ತೀರಿ?"

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಬಕೆಟ್ಟಿನೊಳಗೆ ಹೇಗೆ ನಿಲ್ಲಬೇಕೋ ಹಾಗೆ ನಿಂತರು. "ಒದೀತೀನಿ," ಎಂದರು ಒಳಗಿನಿಂದ.

"ಯಾವ ಕಡೆಗೆ?"

"ಬಲಕ್ಕೆ ಒದೀರಿ ಮೇಷ್ಟ್ರೇ," ಎಂದು ಕಂಟ್ರಾಕ್ಟರು ಕೂಗಿದರು. "ಬೇಡ ಬೇಡ, ಬಲಕ್ಕೆ ಪ್ರಪಾತ," ಎಂದಳು ಎದುರು ಮನೆಯಾಕೆ. ಪ್ರಪಾತದ ವಿಷಯ ಆಕೆಗೆ ಯಾರೂ ಹೇಳಿರಲಿಲ್ಲ. ವಾಚ್‌ಮನ್ ಎದ್ದು ನಿಂತಿದ್ದ. ಮೇಷ್ಟ್ರು ಎಡಕ್ಕೆ ಒದ್ದರು, ನಿಜವಾಗಿಯೇ ಒದ್ದರು. ಕಾಲು ಗಾಳಿಯಲ್ಲಿ ಸುಂದರವಾಗಿ ಸುತ್ತಿ, ಮೆತ್ತನೆಯ ಹಾಸಿಗೆಯಲ್ಲಿ ಇನ್ನೊಂದು ಕಾಲು ಹೂತು, ಅವರು ಎಲೆ ಉದುರಿದ ಹಾಗೆ ಬಹಳ ನಿಧಾನವಾಗಿ ಬೆನ್ನ ಮೇಲೆ ಬಿದ್ದರು. ಬಿದ್ದಲ್ಲೇ ಆಕಾಶ ನೋಡುತ್ತ ಮಲಗಿದರು. ಅವರ ಎದೆಯೊಳಗಿಂದ ತುಕ್ಕು ಹಿಡಿದ ಗೇಟು ತೆರೆದಂಥ ಒಂದು ಸದ್ದು ಬಂದಿತು. ಅದು ನಗು ಎಂದು ಗೊತ್ತಾಗಲು ಜನರಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಆಮೇಲೆ ಯಾರೂ ಯಾರನ್ನೂ ಮುಟ್ಟದ ಒಂದು ಘನಘೋರ ಕಾಳಗ ನಡೆಯಿತು. ಮೇಷ್ಟ್ರು ಕೊಡೆ ಬಿಚ್ಚಿ ಗಾಳಿಯಲ್ಲಿ ಸೇತುವೆಯ ಕೆಳಗಿನಿಂದ ಹಾದು ಈ ಬದಿಗೆ ಬಂದರು. ಗುರು ನಿದ್ದೆಯಲ್ಲಿ ಕೈ ಚಾಚಿ ಅವರನ್ನು ದಿಂಬೆಂದು ತಬ್ಬಿಕೊಂಡ. ಬಿಡಿಸಿಕೊಳ್ಳಲು ಅವರು ಕಚಗುಳಿ ಇಟ್ಟರು. ಕರಾಟೆಯಲ್ಲಿ ಅದಕ್ಕೆ ಅವಕಾಶವಿಲ್ಲವೆಂದು ಯಾರೂ ಜ್ಞಾಪಿಸಲಿಲ್ಲ. ಕಾರ್ಯದರ್ಶಿಗಳ ಬಾಯಿ ತೆರೆದೇ ಇತ್ತು, ಡಾಕ್ಟರಮ್ಮ ಅದನ್ನು ಗಮನಿಸಿ ಇಟ್ಟುಕೊಂಡರು. ತಾರಸಿ ಕರಗಿ, ಟ್ಯಾಂಕು ಬೆಟ್ಟವಾಗಿ, ತೊಟ್ಟಿಕ್ಕುವ ನೀರು ದೂರದ ಜಲಪಾತವಾಗಿ, ಎಲ್ಲರ ಕಾಲಡಿಯಲ್ಲೂ ಹಗ್ಗದ ಸೇತುವೆ ಮೆಲ್ಲಗೆ ತೂಗುತ್ತಿತ್ತು.

ಕೊನೆಗೆ ಇಬ್ಬರೂ ಸೇತುವೆಯ ನಡುಮಧ್ಯದಲ್ಲಿ ಎದುರಾದರು. ಮೇಷ್ಟ್ರ ಸರದಿ ಮುಗಿದಿತ್ತು; ಹದಿನಾಲ್ಕು ಬಿದ್ದಿತ್ತು. ಈಗ ಗುರುವಿನ ಸರದಿ.

"ಇದಕ್ಕಿಂತ ಹೆಚ್ಚು ಬಿದ್ದರೆ ಗುರು ಗೆದ್ದ," ಎಂದ ಜೋಂಪಣ್ಣ. "ಕಡಿಮೆ ಬಿದ್ದರೆ ಮೇಷ್ಟ್ರು ಗೆದ್ದರು." ಕೋಣೆಯ ಹೆಸರನ್ನು ಆತ ಎತ್ತಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ದಾಳ ಉರುಳಿ, ಪುಟಿದು, ಎರಡು ಹಾಸಿಗೆಗಳ ನಡುವಿನ ಸಂದಿಗೆ ಹೋಗಿ ಬಿತ್ತು. ಜೋಂಪಣ್ಣ ಮಂಡಿಯೂರಿ ಸಂದಿಯೊಳಗೆ ಇಣುಕಿದ. ಆತನೊಬ್ಬನಿಗೇ ಅದು ಕಾಣುತ್ತಿತ್ತು. ಒಂದು ಬಿದ್ದಿತ್ತು.

"ಎಷ್ಟು?" ಎಂದರು ಕಾರ್ಯದರ್ಶಿಗಳು.

ಹದಿನೆಂಟು ಎನ್ನಬಹುದಿತ್ತು. ದಾಳವನ್ನು ಎತ್ತಿ ಜೇಬಿಗೆ ಹಾಕಿಕೊಂಡರೆ ಮುಗಿಯಿತು, ಯಾರೂ ಕೇಳುತ್ತಿರಲಿಲ್ಲ; ಗುರುಗಳ ಮಾತನ್ನು ಯಾರು ಪರೀಕ್ಷಿಸುತ್ತಾರೆ. ಆತ ತಲೆಯೆತ್ತಿ ಅತ್ತೆಯನ್ನು ನೋಡಿದ. ಅವರು ಕೋಲನ್ನು ನೆಲಕ್ಕೆ ಬಿಟ್ಟು, ಎರಡೂ ಕೈಯಲ್ಲಿ ಕುರ್ಚಿಯ ತೋಳನ್ನು ಹಿಡಿದು, ಮುಂದಕ್ಕೆ ಬಾಗಿದ್ದರು. ಅವರ ಮುಖದಲ್ಲಿ ಕೋಣೆಯ ಚಿಂತೆಯೇ ಇರಲಿಲ್ಲ. ಗುರುವಿಗೆ ಏನಾಯಿತು ಎಂಬುದಷ್ಟೇ ಇತ್ತು. ಸುತ್ತಲಿನ ಅಷ್ಟೂ ಮುಖಗಳಲ್ಲೂ ಅದೇ ಇತ್ತು. ಒಂದು ಸುಳ್ಳು ಹೇಳಿದರೆ ಸೇತುವೆ ಈಗಲೇ, ಇಲ್ಲೇ ಕರಗಿ ಹೋಗುತ್ತದೆ, ಉಳಿಯುವುದು ಎರಡು ಹಾಸಿಗೆ ಮತ್ತು ಒಂದು ಬೋರ್ಡು ಎಂದು ಜೋಂಪಣ್ಣನಿಗೆ ಅನ್ನಿಸಿತು.

"ಒಂದು," ಎಂದ.

ಕಂಡಕ್ಟರ್ ತಲೆಯ ಮೇಲೆ ಕೈಯಿಟ್ಟುಕೊಂಡ. ಹೆಂಡತಿ ಕಣ್ಣು ಮುಚ್ಚಿಕೊಂಡಳು.

"ಗುರುವಿಗೆ ಎಚ್ಚರವಾಗಿಬಿಟ್ಟಿತು," ಎಂದ ಜೋಂಪಣ್ಣ ಮೆತ್ತಗೆ. "ಕಣ್ಣು ಬಿಟ್ಟು ಕೆಳಗೆ ನೋಡಿದ. ಹೆದರಿದ. ಕಾಲು ಜಾರಿತು. ಸೇತುವೆಯಿಂದ ಬಿದ್ದ. ಮೇಷ್ಟ್ರು ಗೆದ್ದರು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಾರ್ಯದರ್ಶಿಗಳು ಜೇಬಿನಿಂದ ಬೀಗದ ಕೈ ತೆಗೆದು ಮೇಷ್ಟ್ರ ಕೈಗಿತ್ತರು. ಅತ್ತೆ ಬಗ್ಗಿ ಕೋಲಿಗಾಗಿ ತಡಕಾಡುತ್ತಿದ್ದರು. ಮೇಷ್ಟ್ರು ಬೀಗದ ಕೈ ಹಿಡಿದು ನಿಂತೇ ಇದ್ದರು, ಹಾಸಿಗೆಗಳ ನಡುವಿನ ಆ ಸಂದಿಯನ್ನು ನೋಡುತ್ತ.

"ಇನ್ನೂ ಬೀಳ್ತಾನೇ ಇದ್ದಾನಾ ಅವನು?" ಎಂದು ಕೇಳಿದರು.

"ತುಂಬಾ ಎತ್ತರ ಸಾರ್ ಅದು," ಎಂದ ಜೋಂಪಣ್ಣ. "ಹೊತ್ತು ಹಿಡಿಯುತ್ತೆ."

"ನಾನು ಬಗ್ಗಿ ಕೈ ಹಿಡ್ಕೋಬಹುದಾ?"

ಜೋಂಪಣ್ಣ ಅವರನ್ನೇ ನೋಡಿದ. ಸಂದಿಯೊಳಗೆ ಕೈ ಹಾಕಿ ದಾಳವನ್ನು ತೆಗೆದ. "ಉರುಳಿಸಿ," ಎಂದ.

ಮೇಷ್ಟ್ರು ಮಂಡಿಯೂರಿ ಉರುಳಿಸಿದರು. ಈ ಸಲ ದಾಳ ಹಾಸಿಗೆಯ ನಟ್ಟನಡುವೆ, ಎಲ್ಲರಿಗೂ ಕಾಣುವ ಹಾಗೆ ನಿಂತಿತು. ಹತ್ತೊಂಬತ್ತು.

ತಾರಸಿಯ ತುಂಬ ಉಸಿರು ಬಿಟ್ಟ ಸದ್ದು. ಮೇಷ್ಟ್ರು ಹಾಸಿಗೆಯ ಅಂಚಿನಲ್ಲಿ ಇಸ್ತ್ರಿ ಅಂಗಿಯ ಸಮೇತ ಬೋರಲು ಮಲಗಿ, ಕೆಳಗಿನ ಮೋಡಗಳತ್ತ ಒಂದು ಕೈ ಚಾಚಿದರು. ಒಂದು ಕೈ ಸಾಲಲಿಲ್ಲ; ಮುದುಕ ಗುರು ಭಾರವಿದ್ದ. ಇನ್ನೊಂದು ಕೈಯಲ್ಲಿದ್ದ ಬೀಗದ ಕೈಯನ್ನು ಹತ್ತಿರವೇ ಇದ್ದ ಅತ್ತೆಯ ಮಡಿಲಿಗೆ ಹಾಕಿ, "ಇದನ್ನ ನೀವೇ ಇಟ್ಕೊಳಿ ಅಮ್ಮ" ಎಂದು, ಆ ಕೈಯನ್ನೂ ಚಾಚಿದರು.

ಕಾರ್ಯದರ್ಶಿಗಳು ಅತ್ತ ನೋಡಿದರು, ಇತ್ತ ನೋಡಿದರು. "ಮೇಷ್ಟ್ರೇ, ಹಾಗಾದರೆ ಕೋಣೆ ಕೊನೆಗೆ ಯಾರದು ಅಂತ..."

"ಸ್ವಲ್ಪ ಸುಮ್ನಿರಿ ಸಾರ್," ಎಂದರು ಮೇಷ್ಟ್ರು, ತಲೆಯೆತ್ತದೆ. "ಕೈ ಜಾರುತ್ತೆ."